ಗಿಣಿಶಾಸ್ತ್ರಿಗಳ ಉಚಿತ ಭಾಗ

ಭಗವಂತನ ದಯೆಯಿಂದ ಗಿಣಿಶಾಸ್ತ್ರಿಗಳು ಹನ್ನೆರಡು ವರ್ಷ ತಪಸ್ಸಿನಂತೆ ಕೂತು, ಐದು ಭಾಗಗಳ ಇ-ಪುಸ್ತಕ ಬರೆದು ತಾವೇ ಪ್ರಕಟಿಸಿದರು. ಉಳಿದ ನಾಲ್ಕು ಮಾರಾಟವಾಗಲೆಂದು ಮೊದಲನೆಯದನ್ನು ಉಚಿತವಾಗಿ ಹಂಚಿದರು. ಕಾಡಿಗೆ ಕಾಡೇ ಅದನ್ನು ಇಳಿಸಿಕೊಂಡಿತು. ಎರಡನೆಯದನ್ನು ಮಾತ್ರ ಒಬ್ಬರೂ ಕೊಳ್ಳಲಿಲ್ಲ.

ಶಾಸ್ತ್ರಿಗಳು ಕಾಗೆಯನ್ನು ತಡೆದು ಕೇಳಿದರು: "ಏನಯ್ಯಾ ಕಾಕರಾಯ, ಮುಂದಿನ ಕಥೆ ನಿನಗೆ ಬೇಡವೇ?"

"ಯಾಕೆ ಸ್ವಾಮಿ? ಇದನ್ನು ಓದಿದವರಿಗೆ ಸಕಲ ಇಷ್ಟಾರ್ಥವೂ ಸಿದ್ಧಿಸಿ ಕಡೆಗೆ ಮೋಕ್ಷ ಅಂತ, ಮೊದಲ ಭಾಗದ ಕೊನೆಗೇ ಫಲಶ್ರುತಿ ಬರೆದಿದ್ದೀರಲ್ಲ. ಮೋಕ್ಷ ಸಿಕ್ಕಮೇಲೆ ಎರಡನೆಯ ಭಾಗ ಯಾರಿಗೆ ಬೇಕು?"

ಗಿಣಿಯ ಕಣ್ಣು ತುಂಬಿ ಬಂತು. "ಶಿವಶಿವಾ! ಅಂತೂ ನೀನು ಪೂರ್ತಿ ಓದಿದೆ ಅನ್ನು!"

"ಪೂರ್ತಿಯೇ? ಫಲಶ್ರುತಿ ಒಂದನ್ನೇ ಓದಿದ್ದು. ಎರಡನೆಯದನ್ನೂ ಪುಕ್ಕಟೆ ಕೊಡುವಾಗ ಹೇಳಿ ಸ್ವಾಮಿ, ಅದರದ್ದನ್ನೂ ಓದೋಣ."