ಬೆನ್ನ ಕೆಳಗಿನ ಕೈ

ಹೊಳೆಯ ದಂಡೆಯಲ್ಲೊಂದು ಗರಡಿಮನೆ. ಅದರ ಗುರು ಉಸ್ತಾದ್ ಕೆಂಪಣ್ಣ. ಹಿರಿಯ ಶಿಷ್ಯ ಚೆಲುವಯ್ಯ. ಅವನ ಬೆನ್ನು ಮಣ್ಣು ಮುಟ್ಟಿ ವರ್ಷಗಳೇ ಆಗಿದ್ದವು.

ಉಸ್ತಾದರಿಗೆ ಮಂಡಿನೋವು ಶುರುವಾದ ಮೇಲೆ ಹೊಸಬರನ್ನು ಪಳಗಿಸುವ ಕೆಲಸ ಚೆಲುವಯ್ಯನ ಪಾಲಿಗೆ ಬಂತು. ಅವನೋ, ಬಾಯಿ ತೆಗೆದರೆ ಗುಡುಗು. ಹೊಸಬರೆಲ್ಲ ಒಬ್ಬೊಬ್ಬರಾಗಿ ಕಾಲ್ತೆಗೆದರು. ಉಳಿದವನು ಕಿಟ್ಟಪ್ಪ ಒಬ್ಬನೇ.

ಕಿಟ್ಟಪ್ಪನಿಗೆ ಕುಸ್ತಿಯೆಂದರೆ ಪ್ರಾಣ. ಆದರೆ ಬೀಳುವಾಗ ಜೀವ ಬಾಯಿಗೆ ಬರುತ್ತಿತ್ತು. ಕತ್ತು ಬಿಗಿಹಿಡಿದು ಕೈ ಊರಿಬಿಡುತ್ತಿದ್ದ. ಹಾಗೆ ಊರಿದರೆ ಕೈ ಉಳುಕುತ್ತದೆ, ಇಲ್ಲವೇ ಮುರಿಯುತ್ತದೆ.

"ಊರಬೇಡ ಅಂದ್ರೆ ಊರ್ತೀಯಲ್ಲೋ, ಹೇಡಿ," ಎಂದು ಚೆಲುವಯ್ಯ ಒಂದು ದಿನ ಇನ್ನೂ ಜೋರಾಗಿ ಎತ್ತಿ ಒಗೆದ. ಕಿಟ್ಟಪ್ಪನ ಮೊಣಕೈ ಉಳುಕಿತು.

ಉಳುಕು ವಾಸಿಯಾದ ಮೇಲೆ ಕಿಟ್ಟಪ್ಪ ಬಂದ. ಅಖಾಡಕ್ಕೆ ಇಳಿಯಲಿಲ್ಲ.

"ನನ್ನ ಕೈಲಾಗಲ್ಲ ಉಸ್ತಾದ್ರೇ. ಹನುಮಂತನಿಗೆ ಕೈಮುಗಿದು ಹೋಗೋಣ ಅಂತ ಬಂದೆ."

"ಹೋಗ್ಲಿ ಬಿಡಿ," ಎಂದ ಚೆಲುವಯ್ಯ. "ಇವನಿಗೆ ಧೈರ್ಯಾನೇ ಇಲ್ಲ."

ಉಸ್ತಾದರು ಮೀಸೆ ಸವರಿಕೊಂಡರು. "ಕಿಟ್ಟಪ್ಪ, ನಿನಗೆ ಈಜು ಬರುತ್ತಲ್ವಾ?"

"ಹೊಳೆ ದಂಡೇಲೇ ಬೆಳೆದೋನು ಉಸ್ತಾದ್ರೇ."

"ಹಾಗಾದ್ರೆ ಈ ಚೆಲುವಯ್ಯನಿಗೆ ತೇಲೋದು ಕಲಿಸಿ ಆಮೇಲೆ ಹೋಗು."

ಚೆಲುವಯ್ಯನ ಮುಖ ಬಿಳಿಚಿಕೊಂಡಿತು. ಅಷ್ಟು ದೊಡ್ಡ ಪೈಲ್ವಾನ, ಮೊಣಕಾಲು ಮುಳುಗುವ ನೀರು ದಾಟಿ ಮುಂದೆ ಹೋದವನಲ್ಲ. ಆದರೂ ಉಸ್ತಾದರ ಮಾತು ಮೀರಲಾರದೆ ಹೊಳೆಗೆ ಇಳಿದ. ಈಗ ಎದೆಮಟ್ಟದ ನೀರು. ಪಕ್ಕದಲ್ಲಿ, ತಾನೇ ಎತ್ತಿ ಒಗೆದ ಕಿಟ್ಟಪ್ಪ. ಸೇಡು ತೀರಿಸಿಕೊಳ್ಳದೆ ಬಿಡುತ್ತಾನೆಯೇ?

"ಅಂಗಾತ ಮಲಗಿ ಅಣ್ಣ."

ಮಲಗಿದ್ದೇ ತಡ, ಚೆಲುವಯ್ಯನ ಕತ್ತು ಬಿಗಿಯಿತು. ಕೈ ನೆಲ ಹುಡುಕಿತು. ಮುಳುಗಿದ, ನೀರು ಕುಡಿದ, ಕೆಮ್ಮುತ್ತ ಎದ್ದು ನಿಂತ. ಈಗ ಇವನು ಹೇಡಿ ಅನ್ನುತ್ತಾನೆ ಎಂದು ತಲೆ ತಗ್ಗಿಸಿಕೊಂಡು ಕಾದ.

ಕಿಟ್ಟಪ್ಪ ಆ ಮಾತು ಆಡಲಿಲ್ಲ.

"ಕೈ ತಾನಾಗೇ ನೆಲ ಹುಡುಕುತ್ತೆ, ಅಲ್ವಾ?" ಎಂದ. "ನಂಗೂ ಹಿಂಗೇ ಆಗೋದು. ಇನ್ನೊಂದ್ಸಲ ಮಲಗಿ. ಬೆನ್ನ ಕೆಳಗೆ ನನ್ನ ಕೈ ಇರುತ್ತೆ."

"ತೆಗೀಬೇಡ ಕಣೋ."

"ನಿಮಗೆ ಹೆದರಿಕೆ ಇರೋ ತನಕ ತೆಗೆಯಲ್ಲ ಅಣ್ಣ."

ಚೆಲುವಯ್ಯ ಕಣ್ಣು ಮುಚ್ಚಿದ. ಬೆನ್ನಿಗೆ ಅಂಗೈ ತಾಗುತ್ತಿತ್ತು. ಉಸಿರು ಒಂದು ಹದಕ್ಕೆ ಬಂತು, ಕತ್ತು ಸಡಿಲವಾಯಿತು. ಕಿವಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

ಕಣ್ಣು ಬಿಟ್ಟಾಗ ಮೇಲೆ ಆಕಾಶ. ಕಿಟ್ಟಪ್ಪ ಅತ್ತ ದೂರ ನಿಂತು ಟವೆಲ್ ಹಿಂಡುತ್ತಿದ್ದ.

ಚೆಲುವಯ್ಯನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ದಡಕ್ಕೆ ಬಂದು ಕೂತು ಕಿಟ್ಟಪ್ಪನನ್ನು ಕೇಳಿದ.

"ದಿನಾ ಇಷ್ಟು ಹೆದರಿಕೆ ಇಟ್ಕೊಂಡೇ ಗರಡಿಗೆ ಬರ್ತಿದ್ಯಾ?"

"ಹೂಂ ಅಣ್ಣ."

"ನಾಳೆ ಒಂದಿನ ಬಾ."

ಕಿಟ್ಟಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ.

ಮರುದಿನ ಚೆಲುವಯ್ಯ ಎಲ್ಲರಿಗಿಂತ ಮುಂಚೆ ಬಂದು ಗುದ್ದಲಿ ಹಿಡಿದ. ಅಖಾಡದ ಮಣ್ಣನ್ನು ಅಗೆದು, ಹೆಂಟೆ ಒಡೆದು ಮೆತ್ತಗೆ ಮಾಡಿದ. ಗುದ್ದಲಿ ಎತ್ತಿದಾಗೆಲ್ಲ ಅವನ ಕಣ್ಣು ಬಾಗಿಲ ಕಡೆಗೇ. ಕೊನೆಗೆ ಕಿಟ್ಟಪ್ಪ ತಲೆ ಬಗ್ಗಿಸಿಕೊಂಡು ಒಳಗೆ ಬಂದಾಗ, ಚೆಲುವಯ್ಯನಿಗೆ ಹೋದ ಜೀವ ಬಂದಂತಾಯಿತು.

"ಬೆನ್ನ ಕೆಳಗೆ ನನ್ನ ಕೈ ಇರುತ್ತೆ," ಎಂದ.

ನಿಧಾನವಾಗಿ ಎತ್ತಿದ, ನಿಧಾನವಾಗಿ ಕೆಡವಿದ. ಮತ್ತೆ ಎತ್ತಿದ, ಮತ್ತೆ ಕೆಡವಿದ. ಬಿಸಿಲೇರುವ ಹೊತ್ತಿಗೆ ಕಿಟ್ಟಪ್ಪ ಕೈ ಊರದೆ ಬಿದ್ದ. ಮಣ್ಣಲ್ಲಿ ಮಲಗಿಕೊಂಡೇ ನಕ್ಕ.

ಚೆಲುವಯ್ಯ ಮೈಯ ಮಣ್ಣು ಕೊಡವದೆ ಉಸ್ತಾದರ ಹತ್ತಿರ ಬಂದ.

"ಉಸ್ತಾದ್ರೇ, ಅವನ ಬೆನ್ನ ಕೆಳಗಿಂದ ನಾನು ಕೈ ಯಾವಾಗ ತೆಗೀಬೇಕು?"

ಉಸ್ತಾದರು ಮಂಡಿ ನೀವಿಕೊಳ್ಳುತ್ತ ಕೇಳಿದರು: "ನಿನ್ನೆ ಅವನು ಯಾವಾಗ ತೆಗೆದ?"