ಹಳೆಯ ಮೀಟರು

"ಅಮ್ಮಾ, ಇಲ್ಲಿಗೆ ಬರುವ ಮೊದಲು ನನಗೆ ವಾರಕ್ಕೊಮ್ಮೆ ಸಿಟ್ಟು ಬಂದರೆ ಹೆಚ್ಚು. ಈಗ ದಿನಕ್ಕೆ ಹತ್ತು ಸಲ ಬರುತ್ತಿದೆ. ನಿಮ್ಮ ಪಾಠದಿಂದ ನಾನು ಕೆಟ್ಟೆನೇ?" ಎಂದು ಚಿದಂಬರ ಆಶ್ರಮದ ಗುರುವಮ್ಮನನ್ನು ಕೇಳಿದ. ಅವನು ಆಶ್ರಮ ಸೇರಿ ಮೂರು ತಿಂಗಳಾಗಿತ್ತು. ಊರಿಗೆ, ಹೆಂಡತಿಯ ಬಳಿಗೆ, ಮಧ್ಯಾಹ್ನದ ಬಸ್ಸಿಗೇ ಹೊರಟುಬಿಡುವುದೆಂದು ಚೀಲ ಕಟ್ಟಿಕೊಂಡೇ ಬಂದಿದ್ದ.

"ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ" ಎಂದು ಗುರುವಮ್ಮ ಕತೆ ಹೇಳಿದರು.

ಒಬ್ಬ ಜೀಪಿನವನಿದ್ದ. ಗುಡ್ಡದ ಮೇಲಿನ ಹಳ್ಳಿಗಳ ಜನರನ್ನು ಬೆಳಿಗ್ಗೆ ಪೇಟೆಗೆ ಇಳಿಸುವುದು, ಸಂಜೆ ಹತ್ತಿಸುವುದು ಅವನ ಕೆಲಸ. ತನ್ನ ಜೀಪು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತದೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಒಮ್ಮೆ ಗೇರ್‌ಬಾಕ್ಸ್ ಕೂಗತೊಡಗಿತು. ಗ್ಯಾರೇಜಿನ ಮೇಸ್ತ್ರಿ ಬಿಚ್ಚಿ ಸರಿಮಾಡಿಕೊಟ್ಟ. ಮರುವಾರ ನೋಡಿದರೆ ಹದಿನೈದು ಹೋಗಿ ಹನ್ನೆರಡಾಗಿದೆ.

ಜೀಪಿನವನು ಕಾರಣ ಹುಡುಕತೊಡಗಿದ. ಏರ್ ಫಿಲ್ಟರ್ ಬದಲಿಸಿದ. ಟೈರಿಗೆ ಗಾಳಿ ಹಿಡಿಸಿದ. ಬ್ರೇಕು ಹಿಡಿದುಕೊಂಡಿದೆಯೇನೋ ಎಂದು ದಾರಿಯುದ್ದಕ್ಕೂ ಇಳಿದಿಳಿದು ಚಕ್ರದ ಡ್ರಮ್ಮು ಮುಟ್ಟಿ ನೋಡಿದ, ಬಿಸಿಯಿರಲಿಲ್ಲ. ಡೀಸೆಲ್ ಸೋರುತ್ತಿದೆಯೇನೋ ಎಂದು ಜೀಪಿನಡಿ ರಟ್ಟು ಹಾಸಿದ. ರಟ್ಟು ಒಣಗಿಯೇ ಇತ್ತು. ಬಾಯಿಗಿಟ್ಟ ತುತ್ತು ಇಳಿಯಲಿಲ್ಲ. ತುಂಬು ಬಸುರಿ ಹೆಂಡತಿ, "ಜೀಪಿನ ಹೊಟ್ಟೆ ನೋಡಿದ್ದು ಸಾಕು, ಇತ್ತ ಕಡೆಗೂ ಒಮ್ಮೆ ನೋಡಿ" ಎಂದಳು. ಅದೂ ಕೇಳಿಸಲಿಲ್ಲ.

ಕೊನೆಗೆ ಗ್ಯಾರೇಜಿಗೆ ಹೋಗಿ ಕೂಗಾಡಿದ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ: "ಅಣ್ಣಾ, ಜೀಪು ಮೊದಲು ಕುಡಿಯುತ್ತಿದ್ದಷ್ಟೇ ಈಗಲೂ ಕುಡಿಯುತ್ತಿದೆ. ಗೇರ್‌ಬಾಕ್ಸಿನಲ್ಲಿ ಮೀಟರು ತಿರುಗಿಸುವ ಹಲ್ಲುಚಕ್ರ ಹಿಂದೆ ಯಾರೋ ಬೇರೆ ಗಾಡಿಯದ್ದು ಕೂರಿಸಿದ್ದರು. ನಾಲ್ಕು ಕಿಲೋಮೀಟರ್ ಓಡಿದರೆ ಐದು ಅಂತ ತೋರಿಸುತ್ತಿತ್ತು. ಸರಿಯಾದದ್ದು ಹಾಕಿದ್ದೇನೆ. ನಂಬಿಕೆ ಇಲ್ಲದಿದ್ದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಎಣಿಸಿ ನೋಡಿ."

"ನನಗೆ ಕಲ್ಲು ಎಣಿಸಲು ಕಲಿಸಬೇಡ. ನೀನು ಕೈ ಹಾಕುವ ಮೊದಲು ಚೆನ್ನಾಗಿತ್ತು. ಹಳೆಯದನ್ನೇ ಹಾಕು!"

ಮೇಸ್ತ್ರಿ ಮಾತು ಬೆಳೆಸದೆ ಹಳೆಯದನ್ನೇ ಹಾಕಿಕೊಟ್ಟ. ಮೀಟರು ಮತ್ತೆ ಹದಿನೈದು ತೋರಿಸಿತು. ಜೀಪಿನವನು ಅಂದು ಹೊಟ್ಟೆ ತುಂಬ ಉಂಡ.

ತಿಂಗಳೊಳಗೆ ಒಂದು ಬೆಳಿಗ್ಗೆ ಹೆಂಡತಿಗೆ ನೋವು ಶುರುವಾಯಿತು. ಪೇಟೆಯ ವೈದ್ಯರು ಮಗು ಅಡ್ಡ ತಿರುಗಿದೆ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಅಲ್ಲಿಗೆ ನೂರನಲವತ್ತು ಎಂದು ಊರ ಹೊರಗಿನ ಬೋರ್ಡಿನಲ್ಲಿ ಬರೆದಿತ್ತು. ಟ್ಯಾಂಕಿನಲ್ಲಿ ಹತ್ತು ಲೀಟರ್ ಡೀಸೆಲ್. ಪಕ್ಕದ ಬಂಕಿನಲ್ಲಿ ಲಾರಿಗಳ ಸಾಲು. ಹತ್ತು ಹದಿನೈದಲ ನೂರೈವತ್ತು, ಸಾಕಲ್ಲ ಎಂದು ಅವನು ನಿಲ್ಲಿಸದೆ ಹೊರಟ.

ದಾರಿಯಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತಿತು. ಸುತ್ತ ಬಯಲು. ಜೀಪಿನವನು ಮೀಟರು ನೋಡಿದ. ಸರಿಯಾಗಿ ನೂರೈವತ್ತು ಓಡಿದೆ.

"ಬಂದೇಬಿಟ್ಟೆವು. ಆಸ್ಪತ್ರೆ ಇಲ್ಲೇ ಎಲ್ಲೋ ಇರಬೇಕು" ಎಂದ.

ಹಿಂದಿನ ಸೀಟಿನಿಂದ ಹೆಂಡತಿ ಹಲ್ಲು ಕಚ್ಚಿಕೊಂಡು ಹೇಳಿದಳು: "ಕಲ್ಲಿನ ಮೇಲೆ ಇನ್ನೂ ಇಪ್ಪತ್ತು ಅಂತ ಇದೆ, ರೀ."

ಗುರುವಮ್ಮ ಕತೆ ನಿಲ್ಲಿಸಿದರು.

"ಆಮೇಲೆ? ಅವಳು ಉಳಿದಳೇ?" ಎಂದ ಚಿದಂಬರ.

"ಹಿಂದಿನಿಂದ ತರಕಾರಿ ಲಾರಿಯೊಂದು ಬಂತು. ಕೋಸಿನ ಮೂಟೆಗಳ ಮೇಲೆ ಮಲಗಿಸಿ ಒಯ್ದರು. ತಾಯಿ, ಮಗು ಇಬ್ಬರೂ ಉಳಿದರು."

ಚಿದಂಬರ ಉಸಿರು ಬಿಟ್ಟು ಚೀಲ ಎತ್ತಿಕೊಂಡ. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಹೋಗಿ ಬಾ" ಎಂದರು ಗುರುವಮ್ಮ, "ಹೋದವನು ಮೊದಲು ನಿನ್ನ ಹೆಂಡತಿಯನ್ನು ಕೇಳು, ಇಲ್ಲಿಗೆ ಬರುವ ಮೊದಲು ನಿನಗೆ ದಿನಕ್ಕೆ ಎಷ್ಟು ಸಲ ಸಿಟ್ಟು ಬರುತ್ತಿತ್ತು ಅಂತ."

ಬಸ್ಸು ಬಂದು ನಿಂತು ಹೋಯಿತು. ಚಿದಂಬರ ಚೀಲ ಹಿಡಿದುಕೊಂಡೇ ನಿಂತಿದ್ದ.