ನೂರು ಸಲ ಕೇಳಿದ ಹೆಸರು

ಹತ್ತೂರು ಸುತ್ತಿ ಬಂದವಳು ಹೇಳ್ತೀನಿ, ಪೆದ್ದರು ಎಲ್ಲ ಊರಲ್ಲೂ ಸಿಗ್ತಾರೆ. ಆದರೆ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡೋ ಪೆದ್ದ ಅಂದರೆ ಮಂಡಕ್ಕಿ ಭಟ್ಟಿ ಕೆಂಚಮ್ಮನ ಮಗ ತಿಪ್ಪೇಶಿಯೇ.

ಒಂಬತ್ತನೇ ಕ್ಲಾಸಿನಲ್ಲಿ ಎರಡು ವರ್ಷ ಕೂತಿದ್ದ. ಶನಿವಾರ ಸ್ಕೂಲು ತಪಾಸಣೆಗೆ ಸಾಹೇಬರು ಬರ್ತಾರಂತೆ; ಸಂಭವನೀಯತೆಯ ಪಾಠದಲ್ಲಿ ಒಂದೇ ಒಂದು ಪ್ರಶ್ನೆಗೆ ಪ್ರಯೋಗ ಮಾಡಿ ಉತ್ತರ ಹೇಳಿದರೆ ಹತ್ತನೇ ಕ್ಲಾಸು.

"ಮೂರನೇ ವರ್ಷಾನೂ ಕೂತರೆ ಆ ಬೆಂಚಿಗೆ ನಿನ್ನ ಹೆಸರೇ ಇಡ್ತಾರೆ ಕಣೋ!" ಅಂತ ಕೆಂಚಮ್ಮ ಹಣೆ ಹಣೆ ಚಚ್ಚಿಕೊಂಡಳು.

ಸೋಮವಾರ ಗಣಿತದ ಸಬೀಹಾ ಮೇಡಂ ಒಂದು ಚೀಲ ಕೊಟ್ಟರು. ಐದು ಕೆಂಪು ಗೋಲಿ, ಐದು ಹಸಿರು ಗೋಲಿ. "ನೋಡದೆ ಒಂದೊಂದೇ ತೆಗಿ, ಬಣ್ಣ ಬರಿ. ನೂರು ಸಲ!"

ಹತ್ತು ಸಲಕ್ಕೆ ಚೀಲ ಖಾಲಿ. ಉಳಿದ ತೊಂಬತ್ತು ಸಲ ಖಾಲಿ ಚೀಲಕ್ಕೆ ಕೈ ಹಾಕಿ "ಏನೂ ಇಲ್ಲ" ಅಂತ ಬರೆದ.

"ಅಯ್ಯೋ ರಾಮಾ! ತೆಗೆದದ್ದನ್ನು ನೋಡು, ಬರಕೋ, ವಾಪಸ್ ಹಾಕು!"

"ಆಗಲಿ ಮೇಡಂ!"

ಸಂಜೆ ಅವ್ವ ಸಂತೆಗೆ ಕಳಿಸಿದಳು, ಹತ್ತು ಬದನೆಕಾಯಿಗೆ. ತಿಪ್ಪೇಶಿ ರಾಶಿಯಿಂದ ಒಂದು ತೆಗೆದ, ನೋಡಿದ, ಬರಕೊಂಡ, ವಾಪಸ್ ಹಾಕಿದ. ಹೀಗೇ ಹತ್ತು ಸಲ. ಚೀಟಿ ತಂದು ಅವ್ವನ ಕೈಗಿಟ್ಟ.

"ಚೀಟಿಗೆ ಒಗ್ಗರಣೆ ಹಾಕಲೇನೋ? ಕೈಗೆ ಬಂದದ್ದನ್ನು ಚೀಲಕ್ಕೆ ಹಾಕ್ಕೊಂಡು ಮನೆಗೆ ಬಾ!"

"ಆಗಲಿ ಅವ್ವಾ!"

ಮರುದಿನ ಕ್ಲಾಸಿನಲ್ಲಿ ದಾಳದಾಟ. ತಿಪ್ಪೇಶಿ ಒಂದು ಸಲ ಉರುಳಿಸಿದ, ನಾಲ್ಕು ಬಿತ್ತು. ದಾಳ ಚೀಲಕ್ಕೆ ಹಾಕ್ಕೊಂಡು ಮನೆಗೆ ಹೊರಟೇಬಿಟ್ಟ.

"ಎಲ್ಲಿಗೋ?"

"ನಾಲ್ಕು ಬಂತು ಮೇಡಂ, ಮುಗೀತು. ದಾಳಕ್ಕೆ ಯಾವಾಗಲೂ ನಾಲ್ಕೇ!"

"ಒಂದು ಸಲಕ್ಕೇ ನಿರ್ಧಾರ ಮಾಡ್ತೀಯಾ? ಇನ್ನು ಮೇಲೆ ಯಾರು ಏನೇ ಕೇಳಲಿ, ನೂರು ಸಲ ಪರೀಕ್ಷೆ ಮಾಡು, ಲೆಕ್ಕ ಹಿಡಿ, ಆಮೇಲೆ ಬಾಯಿ ಬಿಡು!"

"ಆಗಲಿ ಮೇಡಂ!"

ಶನಿವಾರ ಬಂತು. ಸಾಹೇಬರು ಕನ್ನಡಕ ಏರಿಸಿ, "ನಿನ್ನ ಹೆಸರೇನಪ್ಪಾ?" ಅಂದರು.

"ತಾಳಿ ಸಾರ್!" ಅಂದವನೇ ಓಡಿದ.

ಕೆಂಚಮ್ಮ ಬಿಸಿ ಮರಳಲ್ಲಿ ಮಂಡಕ್ಕಿ ಹುರೀತಿದ್ದಳು.

"ಅವ್ವಾ, ನನ್ನ ಹೆಸರೇನು?"

"ತಿಪ್ಪೇಶಿ."

"ಅವ್ವಾ, ನನ್ನ ಹೆಸರೇನು?"

"ತಿಪ್ಪೇಶಿ ಕಣೋ!"

"ಅವ್ವಾ, ನನ್ನ ಹೆಸರೇನು?"

ಒಂದು ಗಂಟೆ ಬಿಟ್ಟು ಏದುಸಿರು ಬಿಡ್ತಾ ವಾಪಸ್ ಬಂದ. "ಸಾರ್! ತಿಪ್ಪೇಶಿ ಮೂವತ್ತೊಂದು, ಪೆದ್ದ ಅರವತ್ತೇಳು, ಸೌಟಿನೇಟು ಎರಡು!"

ಸಬೀಹಾ ಮೇಡಂ ಕಣ್ಣು ಮುಚ್ಚಿಕೊಂಡರು. ಸಾಹೇಬರು ಮುಂದಕ್ಕೆ ಬಾಗಿದರು.

"ಅಂದರೆ ನೀನು ತಿಪ್ಪೇಶಿ ಆಗಿರೋ ಸಂಭವ?"

"ನೂರಕ್ಕೆ ಮೂವತ್ತೊಂದು ಸಾರ್!"

"ಭೇಷ್! ಪ್ರಯೋಗಾನೂ ಸರಿ, ಉತ್ತರಾನೂ ಸರಿ. ಪಾಸು! ಇಲ್ಲಿ ನಿನ್ನ ಹೆಸರು ಬರಿ."

ತಿಪ್ಪೇಶಿ ಲೆಕ್ಕದ ಚೀಟಿ ನೋಡಿದ. ಯಾವುದು ಜಾಸ್ತಿ ಅಂತ ಬೆರಳಿಟ್ಟು ಹುಡುಕಿದ. ಆಮೇಲೆ ಗುಂಡಗೆ ಬರೆದ: ಪೆದ್ದ.

ಈಗ ಹತ್ತನೇ ಕ್ಲಾಸಿನ ಹಾಜರಿಯಲ್ಲಿ ಮೇಡಂ "ಪೆದ್ದ!" ಅಂತಲೇ ಕೂಗಬೇಕು. ಅವನು ಓಗೊಡ್ತಾನೆ, ಆದರೆ ದಿನಾ ಅಲ್ಲ. ನೂರು ದಿನಕ್ಕೆ ಅರವತ್ತೇಳು ದಿನ ಮಾತ್ರ.